ಎದ್ದು ಹೊರಗೆ ಹೋಗಬೇಕಿತ್ತು

ಎಂಜೊ, ಅರ್ಜಿಯ ಕೆಳಗಿನ ರುಜು ನನ್ನದೇ.
ಹಿಲ್ಕಾ ಸಾರಿನೆನ್, ವಯಸ್ಸು ಎಪ್ಪತ್ತೊಂದು,
ಶಾಲಾ ಬಸ್ಸಿನ ಹಳೆಯ ಡ್ರೈವರು, ಪೈಕ್ ಹಾರ್ಬರಿನ ಮತದಾರಳು.
ಕಳೆದ ಸಲ ನಿನ್ನ ಹೆಸರಿನ ಮುಂದೆಯೇ ಗುರುತು ಹಾಕಿದವಳು.
ಅದನ್ನು ಬರೆಯಬೇಡಿ ಎಂದಳು ವಕೀಲೆ.
ಇಲ್ಲಿ ಬರೆಯುತ್ತಿದ್ದೇನೆ.

ಊರು ಎರಡು ಹೋಳಾಗಿದೆ, ನಿನಗೂ ಗೊತ್ತು.
ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರದ ಸ್ಪಗೆಟ್ಟಿ ಊಟಕ್ಕೆ
ನಾನು ಕಾಲಿಟ್ಟರೆ ಮಾತು ನಿಂತು
ಫೋರ್ಕುಗಳ ಸದ್ದಷ್ಟೇ ಉಳಿಯುತ್ತದೆ.
ಬೇಕರಿಯ ಲೊರೆದಾನಾ ಚಿಲ್ಲರೆಯನ್ನು ಈಗ ಕೈಗೆ ಕೊಡುವುದಿಲ್ಲ,
ಗಾಜಿನ ಮೇಲೆ ಇಡುತ್ತಾಳೆ, ಒಂದೊಂದೇ ನಾಣ್ಯ.

'ಮೂರು ಸಾವಿರ ಜನ ಕೂರಿಸಿದವನನ್ನು
ಒಬ್ಬ ಜಡ್ಜು ಏಳಿಸುವುದೇ?
ನಮ್ಮ ಒಂದು ಚಳಿಗಾಲವನ್ನಾದರೂ ಕಂಡಿದ್ದಾನೆಯೇ ಆತ?'
ಕೇಳಿದ್ದು ಮೀನಿನ ದೋಣಿಯ ತೆಲೆಸ್ಫೋರ್, ತುಂಬಿದ ಸಭೆಯಲ್ಲಿ.
ತಪ್ಪು ಮಾತಲ್ಲ ಅದು.
ರಾತ್ರಿಯೆಲ್ಲ ಹಲ್ಲಿನ ಸಂದಿಯಲ್ಲಿ ಸಿಕ್ಕ ಮುಳ್ಳಿನ ಹಾಗೆ
ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

'ಕಾನೂನು ಅಂದರೆ ಕಾನೂನು!' ಎಂದು ನನ್ನ ಪರ ಕೂಗಿದವನು
ಚುನಾವಣೆಯಲ್ಲಿ ನಿನಗೆ ಸೋತ ಗಾರ್ತ್.
ಅವನ ಚಪ್ಪಾಳೆ ನನಗೆ ಬೇಕಿರಲಿಲ್ಲ.
ಆದರೂ ನನ್ನ ಬೆಂಚಿನಲ್ಲೇ ಕೂತಿದ್ದಾನೆ, ಕಾಲು ಚಾಚಿಕೊಂಡು.

ಇಷ್ಟಕ್ಕೂ ಏನು? ಉಪ್ಪು.
ಹಿಮದ ರಸ್ತೆಗೆ ಎರಚುವ ಉಪ್ಪು,
ನಿನ್ನ ಬಾಮೈದನ ಕಂಪನಿಯದು,
ಲಾರಿಗೆ ನೂರು ಡಾಲರ್ ಹೆಚ್ಚು.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಇಲ್ಲಿ ತಿಂದದ್ದು ಬರೀ ರಸ್ತೆ, ನಮ್ಮ ಬೂಟು, ಕಾರುಗಳ ತಗಡು.

ಋಣದ ಮಾತು ಬೇರೆ.
ನನ್ನ ಗಂಡ ತೀರಿಕೊಂಡ ಜನವರಿಯಲ್ಲಿ
ಬೆಳಗಿನ ಐದಕ್ಕೆ ಅಂಗಳದಲ್ಲಿ ಸಲಿಕೆಯ ಸದ್ದು.
ಕಿಟಕಿಯಲ್ಲಿ ನೋಡಿದರೆ ನೀನು,
ಬಾಯಿಂದ ಹಬೆ, ಮೊಣಕಾಲವರೆಗೆ ಹಿಮ,
ಊರಿನ ಮೇಯರು.
ಬಾಗಿಲು ತಟ್ಟದೆ ಹೊರಟುಹೋದೆ,
ಹೋಗುವ ಮುನ್ನ ಮೆಟ್ಟಿಲಿಗೆ ಹಿಡಿ ಹಿಡಿ ಉಪ್ಪು ಚೆಲ್ಲಿ.
ಶವಪೆಟ್ಟಿಗೆ ಹೊತ್ತವರು ಒಬ್ಬರೂ ಜಾರಲಿಲ್ಲ.

ಇದನ್ನು ಅಫಿಡವಿಟ್ಟಿನ ಯಾವ ಸಾಲಿನಲ್ಲಿ ಸೇರಿಸಲಿ?

ಕಾನೂನು ಕೇಳಿದ್ದು ತೀರಾ ಚಿಕ್ಕದು, ಎಂಜೊ.
ನೆಂಟರ ವಿಷಯ ಬಂದಾಗ ಹೇಳಿಬಿಡು,
ಕುರ್ಚಿ ಹಿಂದೆ ಸರಿಸು, ಎದ್ದು ಹೊರಗೆ ಹೋಗು,
ಕಾರಿಡಾರಿನಲ್ಲಿ ನಿಂತು ಕಾಫಿ ಕುಡಿ,
ಮತ ಮುಗಿದ ಮೇಲೆ ಒಳಗೆ ಬಾ.
ಕಾಫಿ ಆರುವಷ್ಟು ಹೊತ್ತೂ ಅಲ್ಲ.
ನಡವಳಿ ಪುಸ್ತಕದಲ್ಲಿ ಎರಡೇ ವಾಕ್ಯ:
ಮೇಯರು ಆಸನದಲ್ಲೇ ಇದ್ದರು.
ಮೇಯರು ಕೈ ಎತ್ತಿದರು.

ಆ ಕೈ ನನಗೆ ಗೊತ್ತು.
ಆಗ ನಿನಗೆ ಏಳು ವರ್ಷ, ನಾಲ್ಕನೇ ನಂಬರಿನ ಬಸ್ಸು.
ಕಲ್ಲುಗಣಿಯ ತಿರುವು ಬಂದರೆ ಸಾಕು
ನನ್ನ ಕನ್ನಡಿಯಲ್ಲಿ ನೀಲಿ ಉಣ್ಣೆಯ ಕೈಗವಸೊಂದು ಮೇಲೇಳುತ್ತಿತ್ತು.
ಹೊಟ್ಟೆ ತೊಳಸುತ್ತಿದೆ ಎಂದು ಅರ್ಥ.
ನಿಲ್ಲಿಸುತ್ತಿದ್ದೆ. ಇಳಿದು ಹಿಮದ ದಿಬ್ಬದ ಮರೆಗೆ ಓಡುತ್ತಿದ್ದೆ ನೀನು.
ನಲವತ್ತು ಮಕ್ಕಳು ಕಾಯುತ್ತಿದ್ದರು, ಒಬ್ಬರೂ ನಗದೆ.
ಇಲ್ಲ, ಸುಳ್ಳು, ಒಬ್ಬಿಬ್ಬರು ನಗುತ್ತಿದ್ದರು.
ಬಾಯಿ ಒರೆಸಿಕೊಂಡು ಹತ್ತಿ ಬಂದು
'ಥ್ಯಾಂಕ್ಯೂ ಮಿಸೆಸ್ ಸಾರಿನೆನ್' ಅನ್ನುತ್ತಿದ್ದೆ,
ಅಷ್ಟು ಮೆಲ್ಲಗೆ, ಅಷ್ಟು ಘನತೆಯಿಂದ.

ಹೊರಗೆ ಹೋಗಲು ಕೈ ಎತ್ತುತ್ತಿದ್ದ ಹುಡುಗ
ಒಳಗೇ ಉಳಿಯಲು ಕೈ ಎತ್ತುವುದನ್ನು
ಯಾವಾಗ ಕಲಿತೆ?
ನಾನು ಕೋರ್ಟಿಗೆ ಕೇಳಿದ್ದು ಇದನ್ನೇ.
ವಕೀಲೆ ಅದನ್ನು ಕಲಮುಗಳಿಗೆ ಅನುವಾದಿಸಿದ್ದಾಳೆ.

ತೀರ್ಪು ನಾಳೆ ಹತ್ತು ಗಂಟೆಗೆ.
ನೀನು ಹೋದರೆ ಗಾರ್ತ್ ಬರಬಹುದು,
ಅವನಿಗೂ ಬಾಮೈದರಿದ್ದಾರೆ.
ಗೆದ್ದರೆ ಯಾರ ಕೈ ಕುಲುಕಲಿ, ತಿಳಿಯದು.
ಸೋತರೆ ಖರ್ಚು ನನ್ನ ತಲೆಗೆ, ಮನೆ ಮಾರಬೇಕಾದೀತು.
ಎರಡಕ್ಕೂ ಒಂದೇ ಕೋಟು ಇಸ್ತ್ರಿ ಮಾಡಿಟ್ಟಿದ್ದೇನೆ.

ಸರೋವರದ ಕಡೆಯಿಂದ ಗಾಳಿ ಎದ್ದಿದೆ.
ಕೋರ್ಟಿಗೆ ನಾವಿಬ್ಬರೂ ಅದೇ ಕಲ್ಲುಗಣಿಯ ತಿರುವು ದಾಟಬೇಕು.
ನಿಧಾನ ಓಡಿಸು, ಎಂಜೊ.
ಕರಾರಿಗೆ ತಡೆ ಬಿದ್ದಾಗಿನಿಂದ
ಅಲ್ಲಿ ಯಾರೂ ಉಪ್ಪು ಹಾಕಿಲ್ಲ.